ಕಾಫಿ ಕಣದ ಕಾವಲು ಕ್ಯಾಮೆರಾ: ಮೂರು ಮಳೆಗಾಲದ ನಂತರದ ವಿಮರ್ಶೆ

ಮೂಡಿಗೆರೆ ತಾಲ್ಲೂಕಿನ ನಮ್ಮ ಮನೆಗೆ 2.4 ಮೆಗಾಪಿಕ್ಸೆಲ್‌ನ ನಾಲ್ಕು ಬುಲೆಟ್ ಕ್ಯಾಮೆರಾಗಳನ್ನೂ ಅವುಗಳ ಚಿತ್ರವನ್ನು ರೆಕಾರ್ಡ್ ಮಾಡಿಡುವ ಒಂದು ಡಿವಿಆರ್ ಅನ್ನೂ ಹಾಕಿಸಿ ಮೂರು ಮಳೆಗಾಲ ಕಳೆದಿವೆ. ಹಗಲಿನ ಚಿತ್ರದ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೆ ಕೊಯ್ಲಿನ ಕಾಲದಲ್ಲಿ ಕಣಕ್ಕೆ ಕಾವಲು ಬೇಕಾಗುವುದು ರಾತ್ರಿ, ಮತ್ತು ಕ್ಯಾಮೆರಾ ತೊಂದರೆ ಕೊಟ್ಟದ್ದೂ ರಾತ್ರಿಯೇ. ಹಾಗಾಗಿ ಅದರ ಬಗ್ಗೆಯೇ ಹೆಚ್ಚು ಬರೆಯುತ್ತಿದ್ದೇನೆ.

ಕತ್ತಲಾಗುತ್ತಿದ್ದಂತೆ ಕಣದ ಕಡೆಯ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಗೆರೆಗಳು ಹರಿಯತೊಡಗಿ, ನಡುನಡುವೆ ಪರದೆಯೇ ಕಪ್ಪಾಗುತ್ತಿತ್ತು. ಅಳವಡಿಸಿದವರು ಕ್ಯಾಮೆರಾವನ್ನೇ ಬದಲಿಸಬೇಕೆಂದರು. ಅದಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ ನೋಡೋಣವೆಂದು, ಹಾಡಹಗಲಿನಲ್ಲಿ ಏಣಿ ಹತ್ತಿ ಲೆನ್ಸಿನ ಪಕ್ಕದ ಬೆಳಕಿನ ಸೆನ್ಸರನ್ನು ಕಪ್ಪು ಬಟ್ಟೆಯಿಂದ ಮುಚ್ಚಿದೆ. ಹಗಲಿನಲ್ಲಿ ಇನ್‌ಫ್ರಾರೆಡ್ ಬೆಳಕನ್ನು (ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಬೆಳಕು) ತಡೆಯುವ ಫಿಲ್ಟರ್ ಒಳಗೆ ಟಿಕ್ಕೆಂದು ಸರಿಯಿತು, ರಾತ್ರಿ ಅದೇ ಬೆಳಕು ಚೆಲ್ಲುವ ಸುತ್ತಲಿನ ಎಲ್‌ಇಡಿಗಳು ಮಂದವಾದ ಕೆಂಪಿನಲ್ಲಿ ಹೊತ್ತಿಕೊಂಡವು, ಮನೆಯೊಳಗಿನ ಪರದೆಯ ಮೇಲೆ ಅವೇ ಗೆರೆಗಳು ಮೂಡಿದವು. ಕ್ಯಾಮೆರಾದ ತುದಿಯಲ್ಲಿ ಮಲ್ಟಿಮೀಟರ್ ಹಿಡಿದರೆ, 11ರ ಮೇಲಿದ್ದ ವೋಲ್ಟೇಜ್ ಎಲ್‌ಇಡಿ ಹೊತ್ತಿದೊಡನೆ 10ಕ್ಕಿಂತ ಕೆಳಗೆ ಬಿತ್ತು.

ಕಾರಣ ಅಲ್ಲೇ ಗೊತ್ತಾಯಿತು. ಕ್ಯಾಮೆರಾಗಳಿಗೆ 12 ವೋಲ್ಟ್ ಕೊಡುವ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆ ಇರುವುದು ಮನೆಯೊಳಗೆ, ಕ್ಯಾಮೆರಾ ಇರುವುದು ಕಣದ ಆಚೆ ಬದಿಯಲ್ಲಿ. ಎಲ್‌ಇಡಿಗಳು ಹೊತ್ತಿದಾಗ ಕರೆಂಟು ಹೆಚ್ಚು ಹರಿಯುತ್ತದೆ, ಹರಿದಷ್ಟೂ ಉದ್ದದ ತಂತಿಯಲ್ಲಿ ವೋಲ್ಟೇಜ್ ಕಳೆದುಹೋಗುತ್ತದೆ. ವಿದ್ಯುತ್ತು, ಚಿತ್ರ ಎರಡನ್ನೂ ಒಟ್ಟಿಗೆ ಒಯ್ಯುವ ಅಗ್ಗದ 3+1 ಕೇಬಲ್‌ಗಳಲ್ಲಿ ಅನೇಕವು ತಾಮ್ರದ ಲೇಪವಿರುವ ಅಲ್ಯೂಮಿನಿಯಂನವು. ಅಲ್ಯೂಮಿನಿಯಂನ ರೋಧ ತಾಮ್ರದ ರೋಧದ ಸುಮಾರು ಒಂದೂವರೆ ಪಟ್ಟು. ಎಸ್‌ಎಂಪಿಎಸ್‌ನ ಸ್ಕ್ರೂ ತಿರುಗಿಸಿ ವೋಲ್ಟೇಜ್ ಏರಿಸುವ ಸಲಹೆಯೂ ಬಂದಿತ್ತು. ಹಾಗೆ ಮಾಡಿದರೆ ಹತ್ತಿರದ ಕ್ಯಾಮೆರಾಗಳಿಗೆ ಮಿತಿಮೀರಿದ ವೋಲ್ಟೇಜ್ ಹೋಗುತ್ತದೆಂದು ನಾನು ಒಪ್ಪಲಿಲ್ಲ. ಕಣದ ಶೆಡ್ಡಿನಲ್ಲೇ ಒಂದು ಅಡಾಪ್ಟರ್ ಹಾಕಬಹುದಿತ್ತು, ಆದರೆ ಮಲೆನಾಡಿನಲ್ಲಿ ಕರೆಂಟು ಹೋಗುವುದು ಮಾಮೂಲು, ಮನೆಯ ಇನ್ವರ್ಟರ್‌ನ ಲೈನು ಅಲ್ಲಿಯವರೆಗೆ ಇಲ್ಲ. ಕೊನೆಗೆ ವಿದ್ಯುತ್ತಿಗೆಂದೇ ದಪ್ಪನೆಯ ತಾಮ್ರದ ತಂತಿಯನ್ನು ಬೇರೆಯಾಗಿ ಎಳೆಸಿದೆವು, ಹಸಿರು ಕಿಲುಬು ಹಿಡಿದಿದ್ದ, ಚಿತ್ರದ ತಂತಿಯನ್ನು ಜೋಡಿಸುವ ಬಿಎನ್‌ಸಿ ಕನೆಕ್ಟರ್ ಬದಲಿಸಿ ಜಂಕ್ಷನ್ ಬಾಕ್ಸಿನೊಳಗೆ ಕೂರಿಸಿದೆವು. ಗೆರೆಗಳು ಮತ್ತೆ ಕಾಣಿಸಿಕೊಂಡಿಲ್ಲ.

ಅಂಗಳದ ಕ್ಯಾಮೆರಾದ ತೊಂದರೆ ಬೇರೆ: ರಾತ್ರಿ ಚಿತ್ರವೆಲ್ಲ ಹಾಲಿನಂತೆ ಬಿಳುಚಿಕೊಳ್ಳುತ್ತಿತ್ತು. ಮಾಡಿನ ಅಂಚಿಗೆ ಇನ್‌ಫ್ರಾರೆಡ್ ಬೆಳಕು ಬಡಿದು ಲೆನ್ಸಿಗೇ ಮರಳುತ್ತಿದ್ದುದರಿಂದ, ಕ್ಯಾಮೆರಾವನ್ನು ಒಂದು ಗೇಣು ಮುಂದಕ್ಕೆ ತಂದದ್ದೇ ಸಾಕಾಯಿತು. ಜೇಡರ ಬಲೆಯನ್ನಂತೂ ಆಗಾಗ ತೆಗೆಯುತ್ತಲೇ ಇರಬೇಕು.

ನೇರ ಚಿತ್ರ ಚೆನ್ನಾಗಿದ್ದು ರೆಕಾರ್ಡಿಂಗ್ ಮಾತ್ರ ಚೌಕಚೌಕವಾಗಿ ಒಡೆಯುತ್ತಿದ್ದರೆ ಡಿವಿಆರ್‌ನ ಬಿಟ್‌ರೇಟ್ (ಸೆಕೆಂಡಿಗೆ ದಾಖಲಿಸುವ ಮಾಹಿತಿಯ ಪ್ರಮಾಣ) ನೋಡಬೇಕು. ಕತ್ತಲಿನ ಚಿತ್ರದಲ್ಲಿ ಕಾಳುಕಾಳಾದ ನಾಯ್ಸ್ ಹೆಚ್ಚಿರುವುದರಿಂದ, ಹಗಲಿಗೆ ಸಾಲುವ 1024 ಕೆಬಿಪಿಎಸ್ ರಾತ್ರಿಗೆ ಸಾಲದು. 2048ಕ್ಕೆ ಏರಿಸಿದ ಮೇಲೆ ನಡೆಯುವ ಮನುಷ್ಯನ ಕೈಕಾಲು ಸ್ಪಷ್ಟವಾಗಿ ಕಾಣುತ್ತಿದೆ. ಹಾರ್ಡ್ ಡಿಸ್ಕಿನಲ್ಲಿ ಉಳಿಯುವ ದಿನಗಳು ಕಡಿಮೆಯಾದರೂ ನನಗೆ ಅದು ಒಪ್ಪಿಗೆ.

ಕ್ಯಾಮೆರಾದ ಸ್ವಂತ ದೋಷ ಕಂಡದ್ದು ಒಂದೇ. ಎರಡನೆಯ ಮಳೆಗಾಲದಲ್ಲಿ ಗೇಟಿನ ಕ್ಯಾಮೆರಾದ ಫಿಲ್ಟರ್ ಸಿಕ್ಕಿಕೊಂಡು ಹಗಲಿನಲ್ಲೂ ಹುಲ್ಲು ನಸುಗೆಂಪಾಗಿ ಕಂಡಿತು. ವಾರಂಟಿಯಲ್ಲಿ ಬದಲಿಸಿಕೊಟ್ಟರು, ಆದರೆ ಅಲ್ಲಿಯವರೆಗೆ ಗೇಟಿಗೆ ಬದಲಿ ಕ್ಯಾಮೆರಾ ಕೊಡಲಿಲ್ಲ; ಕಾವಲಿಗೆಂದು ಮಾರುವ ವಸ್ತುವಿಗೆ ಈ ಸೇವೆ ಸಾಲದು.

ಆಷಾಢದ ಮಳೆಯಲ್ಲಿ ಮತ್ತು ಮಂಜಿನಲ್ಲಿ ಎಲ್‌ಇಡಿಗಳ ಬೆಳಕಿಗೆ ಹನಿಗಳು ಬೆಳಗಿ ಹಿಂದಿನದನ್ನು ಮರೆಮಾಡುವ ತೊಂದರೆ ಈಗಲೂ ಪೂರ್ತಿ ಹೋಗಿಲ್ಲ. ಗೇಟಿನ ಕ್ಯಾಮೆರಾದಿಂದ ದೂರದಲ್ಲಿ, ಬೆಳಕು ಪಕ್ಕದಿಂದ ಬೀಳುವಂತೆ ಪ್ರತ್ಯೇಕ ಇನ್‌ಫ್ರಾರೆಡ್ ದೀಪವಿಟ್ಟು ಕ್ಯಾಮೆರಾದೊಳಗಿನ ಎಲ್‌ಇಡಿಗಳನ್ನು ಆರಿಸಿದಾಗ ಗೇಟು ಕಾಣುವಷ್ಟು ಸುಧಾರಿಸಿತು. ಕಣಕ್ಕೂ ಅಂಥದ್ದೇ ದೀಪವನ್ನು ಮುಂದಿನ ಕೊಯ್ಲಿಗೆ ಮೊದಲು ಹಾಕಿಸುವವನಿದ್ದೇನೆ.