ಆಯ್ದ ಸಾಲುಗಳಲ್ಲಷ್ಟೇ ಪದ ಬದಲಿಸಲು ವಿಎಸ್ ಕೋಡ್: ಕಾಫಿ ಲೆಕ್ಕದ ಫೈಲಿನಲ್ಲಿ ಹೇಗಿದೆ?

ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ನೀರು ಸಾಲದೆ ಒಂದು ವಾರ ಕೊಯ್ದ ಅರೇಬಿಕಾ ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದರೆ ಅದು ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಅಲ್ಲ, ಚೆರ್ರಿ. ತೋಟದ ಲೆಕ್ಕದ ಸಿಎಸ್‌ವಿ ಫೈಲಿನಲ್ಲಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಠ್ಯ ಫೈಲ್) ಆ ವಾರದ ‘ಎಪಿ’ಗಳೆಲ್ಲ (ಅರೇಬಿಕಾ ಪಾರ್ಚ್‌ಮೆಂಟ್) ‘ಎಸಿ’ (ಅರೇಬಿಕಾ ಚೆರ್ರಿ) ಆಗಬೇಕು, ಹಿಂದಿನ ಮುಂದಿನ ವಾರಗಳನ್ನು ಮುಟ್ಟಬಾರದು. ಈ ಕೆಲಸಕ್ಕೆ ವಿಎಸ್ ಕೋಡ್ ಎಂಬ ಪಠ್ಯ ಎಡಿಟರ್ ಧಾರಾಳವಾಗಿ ಸಾಕು. ಪುಕ್ಕಟೆ ಸಿಗುತ್ತದೆ, ನೆಟ್ ಬೇಡ. ಮಳೆಗಾಲದಲ್ಲಿ ಕರೆಂಟು ಕೈಕೊಟ್ಟು ಮಷಿನ್ ಆಫ್ ಆದರೂ ಸೇವ್ ಮಾಡದ ಬರಹ ಸಾಮಾನ್ಯವಾಗಿ ಉಳಿದಿರುತ್ತದೆ.

ಆ ವಾರದ ಸಾಲುಗಳನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್+ಎಚ್ ಒತ್ತಿ, ಆಮೇಲೆ ಹುಡುಕಾಟವನ್ನು ಆಯ್ದ ಸಾಲುಗಳಿಗಷ್ಟೇ ಸೀಮಿತಗೊಳಿಸುವ ಆಲ್ಟ್+ಎಲ್. ಬೇಕಾದರೆ ಹುಡುಕುವ ಪೆಟ್ಟಿಗೆಯ ಪಕ್ಕದ ಮೂರು ಗೆರೆಯ ಗುಂಡಿಯನ್ನೂ ಒತ್ತಬಹುದು. ಆಯ್ದ ಭಾಗದ ಹಿನ್ನೆಲೆ ಬಣ್ಣ ಬದಲಾದರೆ ವ್ಯಾಪ್ತಿ ಕೂತಿದೆ ಎಂದರ್ಥ. ಈಗ ಹಳೆಯ ಪದ, ಹೊಸ ಪದ ಟೈಪ್ ಮಾಡಿ. ಎಷ್ಟು ಸಿಕ್ಕಿದೆ ಎಂಬ ಲೆಕ್ಕ ಪಕ್ಕದಲ್ಲೇ ಬರುತ್ತದೆ. ಏಳು ಸಾಲು ಆಯ್ದಿದ್ದು ಒಂಬತ್ತು ಸಿಕ್ಕಿದೆ ಎಂದರೆ ಅಲ್ಲೇ ನಿಲ್ಲಿ. ಸರಿಯಿದ್ದರೆ ಕಂಟ್ರೋಲ್+ಆಲ್ಟ್+ಎಂಟರ್, ಎಲ್ಲವೂ ಒಟ್ಟಿಗೆ ಬದಲಾಗುತ್ತದೆ. ಎಡವಟ್ಟಾದರೆ ಒಂದೇ ಕಂಟ್ರೋಲ್+ಜೆಡ್‌ಗೆ ಅಷ್ಟೂ ವಾಪಸ್.

ಲೆಕ್ಕ ಹೆಚ್ಚಿಗೆ ಬರಲು ಮಾಮೂಲಿ ಕಾರಣ, ದೊಡ್ಡಕ್ಷರ ಸಣ್ಣಕ್ಷರದ ಭೇದವನ್ನು ಎಡಿಟರ್ ತಾನಾಗಿ ನೋಡದಿರುವುದು. ಇಂಗ್ಲಿಷಿನಲ್ಲಿ ಬರೆದ ಕೊಡಗಿನ ಊರು ನಾಪೋಕ್ಲುವಿನ ಹೊಟ್ಟೆಯಲ್ಲೂ ‘ಎಪಿ’ ಇದೆ, ಏಪ್ರಿಲ್‌ನ ತಲೆಯಲ್ಲೂ ಇದೆ. ಆಲ್ಟ್+ಸಿ, ಆಲ್ಟ್+ಡಬ್ಲ್ಯೂ ಎರಡನ್ನೂ ಆನ್ ಮಾಡಿದರೆ ಪೂರ್ತಿ ಪದವಾಗಿ, ದೊಡ್ಡಕ್ಷರದಲ್ಲಿ ಇರುವುದು ಮಾತ್ರ ಸಿಗುತ್ತದೆ. ಊರಿನ ಹೆಸರು ಬಚಾವ್.

ಇನ್ನೊಂದು ಕಾರಣ ಬೇಗ ಕಣ್ಣಿಗೆ ಬೀಳುವುದಿಲ್ಲ. ಒಂದಕ್ಕಿಂತ ಹೆಚ್ಚು ಸಾಲು ಆಯ್ದಾಗ ವಿಎಸ್ ಕೋಡ್ ವ್ಯಾಪ್ತಿಯನ್ನು ಪೂರ್ತಿ ಸಾಲುಗಳಿಗೆ ಹಿಗ್ಗಿಸುತ್ತದೆ. ಮೊದಲ ಸಾಲಿನ ಅರ್ಧದಿಂದ ಎಳೆದರೂ ಆ ಸಾಲಿನ ಆರಂಭವೂ ಒಳಗೆ ಬರುತ್ತದೆ. ಒಂದೇ ಕಾಲಂ ಬೇಕಿದ್ದರೆ ಶಿಫ್ಟ್+ಆಲ್ಟ್ ಹಿಡಿದು ಮೌಸ್‌ನಲ್ಲಿ ಚೌಕವಾಗಿ ಎಳೆದು, ಆಮೇಲೆ ಆಲ್ಟ್+ಎಲ್ ಒತ್ತಬೇಕು. ಆಗ ಪ್ರತಿ ಸಾಲಿನ ಆಯ್ದ ತುಂಡಿನಲ್ಲಿ ಮಾತ್ರ ಹುಡುಕುತ್ತದೆ. ಆದರೆ ಸಿಎಸ್‌ವಿಯಲ್ಲಿ ಕಾಲಂಗಳು ನೆಟ್ಟಗೆ ಒಂದರ ಕೆಳಗೊಂದು ಇರುವುದಿಲ್ಲವಲ್ಲ. ಹಾಗಾಗಿ ತಾರೀಖು, ಕಾಫಿಯ ಬಗೆ ಇವೆರಡನ್ನು ಮೊದಲ ಕಾಲಂಗಳಲ್ಲೇ ಇಡುವುದು ಒಳ್ಳೆಯದು. ಅಗಲ ಒಂದೇ ಇರುವುದರಿಂದ ಚೌಕ ಸರಿಯಾಗಿ ಕೂರುತ್ತದೆ.

ದೂರು ಹೇಳಲೇಬೇಕೆಂದರೆ, ಈ ಸೌಲಭ್ಯ ಮೊದಲಿಗೆ ಆಫ್ ಇರುತ್ತದೆ, ಗುಂಡಿಯೂ ಬಹಳ ಚಿಕ್ಕದು. ಸಾಲು ಆಯ್ದ ಮಾತ್ರಕ್ಕೆ ವ್ಯಾಪ್ತಿ ಕೂತಿತು ಅಂದುಕೊಂಡು ರಿಪ್ಲೇಸ್ ಆಲ್ ಒತ್ತಿದರೆ ಇಡೀ ಫೈಲ್ ಬದಲಾಗಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಆಟೋ ಫೈಂಡ್ ಇನ್ ಸೆಲೆಕ್ಷನ್’ ಹುಡುಕಿ ‘ಮಲ್ಟಿಲೈನ್’ ಎಂದು ಇಟ್ಟುಬಿಡಿ. ‘ಆಲ್ವೇಸ್’ ಬೇಡ, ಒಂದು ಸಾಲಿನೊಳಗೆ ಆಯ್ದಾಗಲೂ ಅದು ಅಡ್ಡ ಬರುತ್ತದೆ. ಒಮ್ಮೆ ಕೂತ ವ್ಯಾಪ್ತಿ ಬೇರೆಡೆ ಕ್ಲಿಕ್ ಮಾಡಿದರೂ ಹೋಗುವುದಿಲ್ಲ. ಕಣ್ಣೆದುರೇ ಇರುವ ಪದಕ್ಕೆ ‘ನೋ ರಿಸಲ್ಟ್ಸ್’ ಬಂದರೆ ಎಸ್ಕೇಪ್ ಒತ್ತಿ ಮತ್ತೆ ತೆರೆಯಿರಿ.

ನೋಟ್‌ಪ್ಯಾಡ್++ನಲ್ಲಿ ‘ಇನ್ ಸೆಲೆಕ್ಷನ್’ ಟಿಕ್ ಎದ್ದು ಕಾಣುತ್ತದೆ, ಹಳೆಯ ಕಂಪ್ಯೂಟರ್‌ಗೂ ಹಗುರ. ಆದರೆ ಆ ಟಿಕ್ ‘ರಿಪ್ಲೇಸ್ ಆಲ್’ಗೆ ಸಲ್ಲುತ್ತದೆಯೇ ಹೊರತು ‘ಫೈಂಡ್ ನೆಕ್ಸ್ಟ್’ಗೆ ಅಲ್ಲ. ಒಂದೊಂದಾಗಿ ನೋಡಿ ಬದಲಿಸುವವರಿಗೆ ಇದು ದೊಡ್ಡ ಕೊರತೆ.

ಹೋಮ್‌ಸ್ಟೇಗಳ ಕನ್ನಡ ಪುಟ ತಿದ್ದುವವರಿಗೆ ಬೇರೆಯದೇ ತಲೆನೋವು. ‘ಹೋಮ್‌ಸ್ಟೇ’ಯಲ್ಲಿ ಮ್ ಮತ್ತು ಸ್ಟೇ ನಡುವೆ ಒತ್ತಕ್ಷರವಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ ಇರುತ್ತದೆ. ಅದಿಲ್ಲದೆ ಟೈಪ್ ಮಾಡಿ ಹುಡುಕಿದರೆ ಸಿಗದು. ‘ಕೊಡಗು’ವಿನ ಕೊ ಕೂಡ ಒಂದೇ ಯೂನಿಕೋಡ್ ಸ್ವರಚಿಹ್ನೆಯಾಗಿ ಅಥವಾ ಎರಡು ತುಂಡಾಗಿ ಫೈಲಿನಲ್ಲಿ ಕೂತಿರಬಹುದು, ನೋಡಲು ಎರಡೂ ಒಂದೇ, ಎಡಿಟರ್‌ಗೆ ಬೇರೆ ಬೇರೆ. ಹುಡುಕುವ ಪದವನ್ನು ಟೈಪ್ ಮಾಡದೆ ಫೈಲಿನಿಂದಲೇ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಎರಡೂ ತಾಪತ್ರಯ ತಪ್ಪುತ್ತದೆ. ಪೂರ್ತಿ ಪದಕ್ಕೆ ಇಲ್ಲೂ ಆಲ್ಟ್+ಡಬ್ಲ್ಯೂ ಬಳಸಿ. ರೆಜೆಕ್ಸ್‌ನಲ್ಲಿ (ಮಾದರಿ ಕೊಟ್ಟು ಹುಡುಕುವ ವಿಧಾನ) ಪದದ ಅಂಚನ್ನು ಸೂಚಿಸುವ ಬ್ಯಾಕ್‌ಸ್ಲ್ಯಾಶ್ ಬಿ ಕನ್ನಡ ಅಕ್ಷರಗಳನ್ನು ಪದದ ಭಾಗವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.