ಪ್ರೊಗ್ರೆಸಿವ್ ಚಾಳೀಸು, ನಾಲ್ಕು ವರ್ಷದ ಮೇಲೆ: ಎಲ್ಲ ಇರುವುದು ಎರಡು ಮಿಲಿಮೀಟರಿನಲ್ಲಿ

ಪ್ರೊಗ್ರೆಸಿವ್ ಅಂದರೆ ದೂರಕ್ಕೂ ಓದಿಗೂ ಒಂದೇ ಲೆನ್ಸಿನ, ಗೆರೆಯಿಲ್ಲದ ಕನ್ನಡಕ. ನಾಲ್ಕು ವರ್ಷ ಬಳಸಿದ ಮೇಲೂ ಉಳಿದ ದೂರು ಒಂದೇ: ಅಳತೆ. ಎಷ್ಟೇ ದುಬಾರಿ ಲೆನ್ಸ್ ಇರಲಿ, ಕಣ್ಣಿನ ಎದುರು ಇರಬೇಕಾದ ಜಾಗಕ್ಕಿಂತ ಎರಡು ಮಿ.ಮೀ. ಕೆಳಗೆ ಕೂತರೆ ಅದು ದಂಡ. ಬಳ್ಳಾರಿಯ ಅಂಗಡಿಯೊಂದರಲ್ಲಿ ಮಾಡಿಸಿದ ಮೊದಲ ಜೋಡಿ ಹೀಗೇ ಹಾಳಾಯಿತು. "ಹದಿನೈದು ದಿನ ಹಾಕ್ಕೊಳ್ರಿ, ರೂಢಿ ಆಗ್ತದ" ಅಂದರು. ರೂಢಿ ಆಗಲಿಲ್ಲ, ಬದಲಿಸಿಕೊಡುವ ಅವಧಿ ಮಾತ್ರ ಮುಗಿಯಿತು.

ಈ ಲೆನ್ಸಿನ ಮೇಲ್ಭಾಗ ದೂರಕ್ಕೆ, ಕೆಳಭಾಗ ಓದಿಗೆ. ನಡುವೆ ಪವರ್ ಮೆಲ್ಲಗೆ ಏರುವ ಒಂದು ಸಣ್ಣ ಓಣಿ, ಉದ್ದ ಸುಮಾರು 11ರಿಂದ 18 ಮಿ.ಮೀ. ಓಣಿಯ ಎರಡೂ ಮಗ್ಗುಲಿಗೆ ಮಸುಕು ಇದ್ದೇ ಇರುತ್ತದೆ. ಹೆಚ್ಚು ದುಡ್ಡು ಕೊಟ್ಟರೆ ಕಡಿಮೆಯಾದೀತು, ಪೂರ್ತಿ ಹೋಗದು. ಹಾಗಾಗಿ ಕಣ್ಣಿನ ಪಾಪೆ ಓಣಿಯ ಬಾಯಿಗೇ ಕೂರಬೇಕು.

ಅದಕ್ಕೆ ಮೊದಲು ಫ್ರೇಮನ್ನು ಮುಖಕ್ಕೆ ಹೊಂದಿಸಬೇಕು: ನೋಸ್ ಪ್ಯಾಡ್, ಕಿವಿಯ ಹಿಂದಿನ ಬಾಗು ಎರಡೂ. ಆಮೇಲೆ ಅಂಗಡಿಯವರು ಗಿರಾಕಿಯ ಕಣ್ಣಿನ ಮಟ್ಟಕ್ಕೇ ಕೂತು, ನೇರ ನೋಡಲು ಹೇಳಿ, ಡಮ್ಮಿ ಗಾಜಿನ ಮೇಲೆ ಪಾಪೆಯ ನಡುವಿಗೆ ಮಾರ್ಕರ್ ಚುಕ್ಕೆ ಇಡಬೇಕು, ಒಂದೊಂದು ಕಣ್ಣಿಗೂ ಬೇರೆಬೇರೆಯಾಗಿ. ನಿಂತುಕೊಂಡೇ ಚುಕ್ಕೆ ಇಟ್ಟರೆ ಗಿರಾಕಿ ಕಣ್ಣೆತ್ತಿ ನೋಡುತ್ತಾನೆ, ಗುರುತು ತಪ್ಪುತ್ತದೆ. ಪಿ.ಡಿ., ಅಂದರೆ ಎರಡು ಪಾಪೆಗಳ ನಡುವಿನ ಅಂತರ, 64 ಮಿ.ಮೀ. ಎಂದು ಅಳೆದು ಅರ್ಧ ಮಾಡಿ 32, 32 ಎಂದು ಬರೆಯುವುದೂ ತಪ್ಪು. ಮೂಗಿನ ನಡುವಿನಿಂದ ಒಂದು ಕಣ್ಣು 31, ಇನ್ನೊಂದು 33 ಇರಬಹುದು. ಪಾಪೆಯಿಂದ ಫ್ರೇಮಿನ ತಳಕ್ಕೆ (ಇದೇ ಫಿಟ್ಟಿಂಗ್ ಹೈಟ್) ಕನಿಷ್ಠ 18 ಮಿ.ಮೀ. ಇರುವಂಥ ಫ್ರೇಮನ್ನೇ ಆರಿಸಿ. ಸಣ್ಣ ಫ್ರೇಮಿನಲ್ಲಿ ಓದುವ ಭಾಗವೇ ಕತ್ತರಿಸಿ ಹೋಗುತ್ತದೆ.

ತಪ್ಪು ಎಲ್ಲಿದೆ ಎಂಬುದನ್ನು ಕುತ್ತಿಗೆಯೇ ಹೇಳುತ್ತದೆ. ಓದಲು ಗದ್ದ ಎತ್ತಬೇಕಾದರೆ ಲೆನ್ಸ್ ಕೆಳಗೆ ಕೂತಿದೆ. ಬಸ್ಸಿನ ಬೋರ್ಡ್ ಓದಲು ಗದ್ದ ತಗ್ಗಿಸಬೇಕಾದರೆ ಮೇಲೆ ಕೂತಿದೆ. ಪುಸ್ತಕವನ್ನು ಒಂದು ಪಕ್ಕಕ್ಕೆ ಸರಿಸಿದರೆ ಮಾತ್ರ ಅಕ್ಷರ ತಿಳಿಯಾದರೆ ಪಿ.ಡಿ. ನೋಡಿಸಿ. ಬೇಸಿಗೆಯಲ್ಲಿ ಬೆವರಿಗೆ ಫ್ರೇಮ್ ಜಾರಿದಾಗಲೂ ಮೊದಲನೆಯದೇ ತೊಂದರೆ. ಪ್ಯಾಡ್ ಬಿಗಿ ಮಾಡಿಸಿದರೆ ಸಾಕು.

ಹೊಸ ಲೆನ್ಸಿನ ಮೇಲೆ ಹಳದಿಯೋ ಬಿಳಿಯೋ ಶಾಯಿಯ ಅಡ್ಡಗುರುತು ಇರುತ್ತದೆ. ಕನ್ನಡಕ ಹಾಕಿ, ಆ ಗುರುತು ಪಾಪೆಯ ಮೇಲಿದೆಯೇ ಎಂದು ಕನ್ನಡಿಯಲ್ಲಿ ನೋಡುವ ತನಕ ಅದನ್ನು ಒರೆಸಲು ಬಿಡಬೇಡಿ. ಒರೆಸಿದ್ದರೂ ದಾರಿಯಿದೆ. ಲೆನ್ಸನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದರೆ 34 ಮಿ.ಮೀ. ಅಂತರದಲ್ಲಿ ಎರಡು ಸೂಕ್ಷ್ಮ ಕೆತ್ತನೆ ಕಾಣುತ್ತವೆ. ಕಿವಿಯ ಕಡೆಯದರ ಕೆಳಗೆ ಸಾಮಾನ್ಯವಾಗಿ 20 ಎಂಬಂಥ ಅಂಕಿ ಇರುತ್ತದೆ, ಅಂದರೆ ಆ್ಯಡ್ (ಓದಿಗೆಂದು ಸೇರಿಸಿದ ಪವರ್) +2.00. ಕಣ್ಣಿನ ನಂಬರಿನ ಚೀಟಿಯ ಜತೆ ತಾಳೆ ನೋಡಿ.

ಎರಡನೇ ಜೋಡಿಗೆ ಅಳತೆ ಸರಿ ಬಂತು. ಆಗಲೇ ಇದರ ಸುಖ ತಿಳಿದದ್ದು. ಕಿರಾಣಿ ಅಂಗಡಿಯಲ್ಲಿ ಮೇಲಿನ ಹಲಗೆಯ ಡಬ್ಬಿ, ಕೈಯಲ್ಲಿರುವ ಪೊಟ್ಟಣದ ತಾರೀಖು, ಎದುರಿಗಿರುವವರ ಮುಖ, ಮೂರೂ ಒಂದೇ ನೋಟದಲ್ಲಿ ಸಿಗುತ್ತವೆ. ಕನ್ನಡಕ ತೆಗೆದು ಹಾಕುವುದೇ ಇಲ್ಲ. ಬೈಫೋಕಲ್‌ನ ಗೆರೆಯ ಹತ್ತಿರ ನೋಟ ಎಗರುತ್ತದಲ್ಲ, ಅದೂ ಇಲ್ಲ.

ಬೆಳಗಿನ ಶುಚಿಗೆ ಒಂದು ನಿಮಿಷ. ಮೊದಲು ನೀರಿನ ಧಾರೆ, ಏಕೆಂದರೆ ನಮ್ಮ ಕಡೆಯ ಕೆಂಧೂಳು ಒಣಗಿದ್ದಾಗ ಮರಳು ಕಾಗದದಂತೆ ಉಜ್ಜುತ್ತದೆ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ, ಬೆರಳ ತುದಿಯಿಂದ ಎರಡೂ ಕಡೆ ಸವರಿ, ತೊಳೆದು, ಮೆತ್ತನೆ ಬಟ್ಟೆಯಿಂದ ತೇವ ಒತ್ತಿ ತೆಗೆಯಿರಿ. ಬೋರಿನ ನೀರು ತಾನಾಗಿ ಆರಿದರೆ ಬಿಳಿ ಕಲೆ ಬೀಳುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಕೋಟಿಂಗ್ ಬಿರುಕು ಬಿಡುತ್ತದೆ.

ಮೆಟ್ಟಿಲಿಳಿಯುವಾಗ ಎಚ್ಚರ. ಅಂಜನಾದ್ರಿ ಬೆಟ್ಟದಂಥ ಮೆಟ್ಟಿಲುಗಳ ಕಡೆ ಕಣ್ಣಷ್ಟೇ ಕೆಳಗೆ ಹೊರಳಿಸಿದರೆ ಓದುವ ಭಾಗದಲ್ಲಿ ಮೆಟ್ಟಿಲ ಅಂಚು ಮಸುಕಾಗುತ್ತದೆ. ಗದ್ದವನ್ನೇ ಎದೆಗೆ ತಂದು ಮೇಲ್ಭಾಗದಿಂದ ನೋಡಬೇಕು.

ಬಳ್ಳಾರಿಯ ಜೀನ್ಸ್ ಹೊಲಿಯುವವರು ದಿನವಿಡೀ ಸೂಜಿಯನ್ನೇ ನೋಡುವವರು, ಅವರಿಗೆ ಇದು ಬೇಡ. ಮಷಿನ್ನಿನ ದೂರ ಅಳೆಸಿ, ಆ ದೂರಕ್ಕೇ ಒಂದೇ ಪವರಿನ ಜೋಡಿ ಮಾಡಿಸಿದರೆ ಖರ್ಚೂ ಕಡಿಮೆ, ನೋಟವೂ ಅಗಲ. ಕನ್ನಡಕದ ಬದಲು ಕಣ್ಣಿಗೆ ಹಾಕುವ ಪೈಲೋಕಾರ್ಪಿನ್ ಹನಿಯ ಬಗ್ಗೆ ಕೇಳುವವರಿಗೆ: ಅಮೆರಿಕದಲ್ಲಿ 2021ರಲ್ಲಿ ಚಾಳೀಸಿಗೆಂದೇ (ವಯಸ್ಸಿನಿಂದ ಹತ್ತಿರದ್ದು ಕಾಣದ ತೊಂದರೆಗೆ) ಒಪ್ಪಿಗೆ ಸಿಕ್ಕಿತು, ಅದು ಪಾಪೆಯನ್ನು ಸಣ್ಣದು ಮಾಡಿ ಕೆಲವು ಗಂಟೆ ಹತ್ತಿರದ ನೋಟ ಕೊಡುತ್ತದೆ. ಮಬ್ಬು ಬೆಳಕಿನಲ್ಲಿ ಕಷ್ಟ, ರಾತ್ರಿ ಗಾಡಿ ಓಡಿಸುವವರಿಗಂತೂ ಸಲ್ಲದು. ರೆಟಿನಾ ತಪಾಸಣೆ ಆಗದೆ ಹಾಕಲೇಬಾರದು.

ಸರಿ ಹೊಂದಿದ ಜೋಡಿಯ ಪಿ.ಡಿ., ಫಿಟ್ಟಿಂಗ್ ಹೈಟ್, ಲೆನ್ಸಿನ ಹೆಸರು, ಮೂರನ್ನೂ ಬಿಲ್ಲಿನ ಮೇಲೆ ಬರೆಸಿ ಇಟ್ಟುಕೊಳ್ಳಿ. ಮುಂದಿನ ಸಲ ನಂಬರ್ ಏರಿದಾಗ ಬೇರೆ ಅಂಗಡಿಗೆ ಹೋದರೂ ಆ ಚೀಟಿ ಮುಂದಿಟ್ಟು, ಹೊಸ ಫ್ರೇಮಿಗೆ ಎತ್ತರ ಮತ್ತೆ ಅಳೆಯಿರಿ ಎನ್ನಿ.