ಪ್ರಪೋಸಲ್ ಫೋಟೋ ತೆಗೆಸುವವರು ದಯವಿಟ್ಟು ಇದನ್ನು ಓದಿ

ನನ್ನ ಹುಡುಗಿಗೆ ನಾನು ಮದುವೆ ಮಾತು ಕೇಳಿದ್ದು ಶನಿವಾರ ಬೆಳಿಗ್ಗೆ, ಲಾಲ್‌ಬಾಗ್‌ನಲ್ಲಿ. ಶಿವಮೊಗ್ಗದಲ್ಲಿರುವ ಅವಳ ಅಪ್ಪನಿಗೆ ವಿಷಯ ಗೊತ್ತಾಗಿದ್ದು ಅದೇ ದಿನ ರಾತ್ರಿ, ಯಾರೋ ಕಳಿಸಿದ ರೀಲ್ ನೋಡಿ. ನಾವಿನ್ನೂ ಅವರಿಗೆ ಹೇಳಿಯೇ ಇರಲಿಲ್ಲ.

ಫೋಟೋಗ್ರಾಫರ್ ಸಿಕ್ಕಿದ್ದು ಇನ್‌ಸ್ಟಾಗ್ರಾಂನಲ್ಲಿ. 18 ಸಾವಿರಕ್ಕೆ ಮಾತಾಯಿತು, ಅರ್ಧ ಅಡ್ವಾನ್ಸ್. "ಲಾಲ್‌ಬಾಗ್‌ನಲ್ಲಿ ಪರ್ಮಿಷನ್ ಬೇಕಲ್ವಾ?" ಅಂತ ಕೇಳಿದ್ದೆ. "ಅದೆಲ್ಲ ನಾವು ನೋಡ್ಕೋತೀವಿ ಸರ್, ಅಲ್ಲೇ ಎಷ್ಟೋ ಶೂಟ್ ಮಾಡಿದೀವಿ" ಅಂದರು. ನಂಬಿದೆ.

ಗಾಜಿನ ಮನೆಯ ಎದುರೇ ಕೇಳಬೇಕು ಅಂತ ನನ್ನ ಆಸೆ. ನಾವು ಮೊದಲ ಸಲ ಭೇಟಿಯಾಗಿದ್ದು ಅಲ್ಲೇ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ. "ಒಂದು ರೌಂಡ್ ವಾಕ್ ಮಾಡಿ ಆಮೇಲೆ ಎಂ.ಟಿ.ಆರ್.ನಲ್ಲಿ ದೋಸೆ ತಿನ್ನೋಣ" ಅಂತ ಹೇಳಿ ಕರೆದುಕೊಂಡು ಹೋದೆ. ಫೋಟೋಗ್ರಾಫರ್ ಉದ್ದದ ಲೆನ್ಸ್ ಹಿಡಿದು ಒಂದು ಮರದ ಹಿಂದೆ ನಿಂತಿದ್ದರು.

ನಾನು ಮಂಡಿಯೂರಿ ಉಂಗುರದ ಡಬ್ಬಿ ತೆರೆದೆ. ಅಷ್ಟರಲ್ಲಿ ಜೋರಾಗಿ ಸೀಟಿ ಕೇಳಿಸಿತು. ಗಾರ್ಡ್ ಕ್ಯಾಮೆರಾ ನೋಡಿ ಓಡಿ ಬರುತ್ತಿದ್ದರು. ಆಮೇಲೆ ನನಗೆ ಬಂದ ಫೋಟೋಗಳಲ್ಲಿ ಆ ಕ್ಷಣ ಇದೆ. ನನ್ನ ಕೈ ಮುಂದೆ ಚಾಚಿದೆ, ಉಂಗುರ ಕಾಣುತ್ತಿದೆ, ಅವಳು ಗಾಬರಿಯಿಂದ ಬೇರೆ ಕಡೆ ನೋಡುತ್ತಿದ್ದಾಳೆ. ಹತ್ತೋ ಹನ್ನೆರಡೋ ಫೋಟೋ ಇವೆ, ಎಲ್ಲದರಲ್ಲೂ ಹಾಗೇ.

"ಇಲಾಖೆ ಲೆಟರ್ ತೋರ್ಸಿ ಸಾರ್" ಅಂದರು ಗಾರ್ಡ್. ಲೆಟರ್ ಇರಲಿಲ್ಲ. ಅವರದೇನೂ ತಪ್ಪಿಲ್ಲ. ಲಾಲ್‌ಬಾಗ್ ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ, ಇಂಥ ಶೂಟಿಂಗ್‌ಗೆ ಮೊದಲೇ ಅನುಮತಿ ತೆಗೆದುಕೊಳ್ಳಬೇಕು. ನಮ್ಮನ್ನು ನೋಡಿ ಪಾಪ ಅವರಿಗೇ ಬೇಜಾರಾಯಿತು. "ನೀವು ಇರಿ, ಕ್ಯಾಮೆರಾ ಮಾತ್ರ ಹೊರಗೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಬೆಂಚಿನ ಮೇಲೆ ಕೂತು ಮತ್ತೆ ಕೇಳಿದೆ. ಅವಳು ಹ್ಞೂಂ ಅಂದಳು. ಅದರ ಫೋಟೋ ಒಂದೂ ಇಲ್ಲ.

ಇಷ್ಟೇ ಆಗಿದ್ದರೆ ನಾನು ಸುಮ್ನಿರುತ್ತಿದ್ದೆ. ಮುಂದಿನ ಭಾನುವಾರ ಅಪ್ಪ ಅಮ್ಮನ ಜೊತೆ ಶಿವಮೊಗ್ಗಕ್ಕೆ ಹೋಗಿ ಕ್ರಮವಾಗಿ ಹೆಣ್ಣು ಕೇಳುವುದು ಅಂತ ನಾವು ಅಂದುಕೊಂಡಿದ್ದೆವು. ಅವಳ ಮನೆಯವರು ಸ್ವಲ್ಪ ಹಳೇ ಕಾಲದವರು, ಮೊದಲ ಮಾತು ಹಿರಿಯರ ಬಾಯಿಂದಲೇ ಬರಬೇಕು. ಆದರೆ ಸಂಜೆಯೇ ಫೋಟೋಗ್ರಾಫರ್ ವಿಡಿಯೋಗೆ ಹಾಡು ಸೇರಿಸಿ ತಮ್ಮ ಪೇಜ್‌ಗೆ ಹಾಕಿಬಿಟ್ಟಿದ್ದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವಳ ಚಿಕ್ಕಮ್ಮ ನೋಡಿದರು, ಅಲ್ಲಿಂದ ಅಪ್ಪನ ಫೋನಿಗೆ ಹೋಯಿತು. "ಊರಿಗೆಲ್ಲ ಗೊತ್ತಾದ ಮೇಲೆ ನಮ್ಮನ್ನು ಕೇಳೋಕೆ ಬರೋದೇನಿದೆ?" ಅಂದರಂತೆ. ಅವಳು ರಾತ್ರಿಯಿಡೀ ಅತ್ತಳು.

ತೆಗೆಯಿರಿ ಅಂದರೆ ಫೋಟೋಗ್ರಾಫರ್ ಒಪ್ಪಲಿಲ್ಲ. "ಶೂಟ್ ಮಾಡಿದ್ದು ನಾವು, ಕಾಪಿರೈಟ್ ನಮ್ದು" ಅಂದರು. ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೀವು ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋ, ವಿಡಿಯೋದ ಮೊದಲ ಹಕ್ಕು ನಿಮ್ಮದೇ. ಬೇರೆ ಒಪ್ಪಂದ ಇದ್ದರೆ ಮಾತ್ರ ಆ ಹಕ್ಕು ಅವರಿಗೆ ಹೋಗುತ್ತದೆ. ಹಾಗಾಗಿ ಅವರು ಕಳಿಸುವ ಪಿಡಿಎಫ್ ಅನ್ನು ಕೊನೆಯ ಸಾಲಿನವರೆಗೂ ಓದದೆ ಓಕೆ ಅನ್ನಬೇಡಿ. ನನ್ನ ಪುಣ್ಯ, ನಮ್ಮ ನಡುವೆ ಇದ್ದದ್ದು ಬರೀ ವಾಟ್ಸಾಪ್ ಮಾತುಕತೆ. ವಕೀಲನಾಗಿರುವ ಗೆಳೆಯ ಈ ಸೆಕ್ಷನ್ ಹಾಕಿ ಮೆಸೇಜ್ ಬರೆದುಕೊಟ್ಟ. ನಾಲ್ಕನೇ ದಿನ ರೀಲ್ ಹೋಯಿತು. ಅಷ್ಟರಲ್ಲಿ ನೋಡುವವರೆಲ್ಲ ನೋಡಿಯಾಗಿತ್ತು.

ನೀವು ಯಾರನ್ನಾದರೂ ಬುಕ್ ಮಾಡುತ್ತಿದ್ದರೆ, ಅಡ್ವಾನ್ಸ್ ಹಾಕುವ ಮೊದಲು ಅನುಮತಿ ಪತ್ರದ ಫೋಟೋ ತರಿಸಿಕೊಳ್ಳಿ. "ನಾವು ಹೇಳದೆ ಎಲ್ಲೂ ಹಾಕುವಂತಿಲ್ಲ" ಅಂತ ಬರೆದು ಕಳಿಸಿ, ಅವರಿಂದ ಒಪ್ಪಿಗೆ ಬರೆಸಿಕೊಳ್ಳಿ. ಬಾಯಿಮಾತು ಬೇಡವೇ ಬೇಡ. ನಿಮ್ಮ ಹುಡುಗಿಯ ಮನೆಯಲ್ಲಿ ಇನ್ನೂ ಹೇಳಿಲ್ಲ ಅಂದರೆ ಅದನ್ನೂ ಬಿಡಿಸಿ ಹೇಳಿ. ನಾನು ಅದನ್ನು ಹೇಳಿರಲಿಲ್ಲ.

ಅಡ್ವಾನ್ಸ್ ವಾಪಸ್ ಕೇಳಿದ್ದೇನೆ, ಉತ್ತರ ಬಂದಿಲ್ಲ. ಈ ವಾರ ಕನ್ಸ್ಯೂಮರ್ ಹೆಲ್ಪ್‌ಲೈನ್ 1915ಕ್ಕೆ ಫೋನ್ ಮಾಡುತ್ತೇನೆ. ಭಾನುವಾರ ಶಿವಮೊಗ್ಗಕ್ಕೆ ಹೊರಟಿದ್ದೇವೆ. "ಹೋದ ತಕ್ಷಣ ಮೊದಲು ಅವರ ಹತ್ತಿರ ಕ್ಷಮೆ ಕೇಳು, ಮಾತುಕತೆ ಆಮೇಲೆ" ಅಂದಿದ್ದಾರೆ ಅಪ್ಪ.